ಬೆವರ್ಲಿಯ ನೆಲಹಡಗು

ಮಾರ್ಚ್ ತಿಂಗಳ ಮೊದಲ ಶನಿವಾರ ನಮ್ಮ ಸೆಡ್ಜ್‌ಹೋಮಿನ ಹಾಲ್‌ನಲ್ಲಿ ಇರುವ ಮೇಜುಗಳನ್ನೆಲ್ಲ ಒಂದಕ್ಕೊಂದು ಜೋಡಿಸಿ ಗೋಡೆಯಿಂದ ಗೋಡೆಗೆ ಒಂದು ರಣರಂಗ ಹರಡುತ್ತೇವೆ. ಯಾವುದೋ ದೂರದ ನಕ್ಷತ್ರ ಸುತ್ತುವ, ಇನ್ನೂ ಯಾರೂ ಕಾಲಿಡದ ನೆಲ ಅದು. ಗುಡ್ಡ, ಹೊಳೆ, ಹೊಳೆಗೊಂದು ಸೇತುವೆ, ಎಡಗಡೆಗೆ ಹೊಳೆಯೇ ಹರಡಿಕೊಂಡು ಆದ ಹಸಿರುಗಪ್ಪು ಬಣ್ಣದ ಜೌಗು. ಒಂದು ಬದಿಗೆ ನಾವು, ಇನ್ನೊಂದು ಬದಿಗೆ ಕಾಲುವೆಯಾಚೆಯ ಡೈಕ್‌ಹ್ಯಾಮಿನವರು. ನಮ್ಮವರು ಹೆಬ್ಬೆರಳುದ್ದದ ಮನುಷ್ಯ ಸಿಪಾಯಿಗಳು. ಅವರದು ಬೆನ್ನ ಮೇಲೆ ಚಿಪ್ಪು ಹೊತ್ತ ಅನ್ಯಲೋಕದ ಜೀವಿಗಳು. ಅಳತೆಕೋಲು ಹಿಡಿದು, ದಾಳ ಉರುಳಿಸಿ, ಬೆಳಗಿನಿಂದ ಸಂಜೆಯವರೆಗೆ ಕಾದಾಡುತ್ತೇವೆ. ಹಾಲ್‌ನ ಕಿಟಕಿಯಿಂದ ಇಣುಕಿದವರಿಗೆ ಮಕ್ಕಳಾಟದಂತೆ ಕಾಣುತ್ತದೆ. ಒಳಗಿದ್ದವರಲ್ಲಿ ಮೂವತ್ತು ದಾಟದವರು ಒಬ್ಬರೂ ಇರುವುದಿಲ್ಲ.

ಈ ಕಾಳಗಕ್ಕೆ ನಮ್ಮಲ್ಲೊಂದು ಪದ್ಧತಿ ಇದೆ. ಸಿಪಾಯಿಗಳನ್ನು ಹೊತ್ತೊಯ್ಯುವ ದೊಡ್ಡ ವಾಹನವನ್ನು ನಾವು ನೆಲಹಡಗು ಎನ್ನುತ್ತೇವೆ. ಪ್ರತಿವರ್ಷ ನಮ್ಮಲ್ಲೊಬ್ಬರು ಅದನ್ನು ಹೊಸದಾಗಿ, ಕೈಯಾರೆ, ಕೈಗೆ ಸಿಕ್ಕ ಸಾಮಾನಿನಿಂದ ಕಟ್ಟಬೇಕು. ಅಂಗಡಿಯ ಪೆಟ್ಟಿಗೆಯಿಂದ ಬಂದದ್ದು ನಡೆಯದು. ಕಟ್ಟಿದವರೇ ಆ ದಿನದ ನಾಯಕರು. ಯಾರು ಎಲ್ಲಿ ನಿಲ್ಲಬೇಕು, ಯಾವ ದಾರಿ ಹಿಡಿಯಬೇಕು ಎಲ್ಲ ಅವರು ಹೇಳಿದಂತೆ. ಆದರೆ ಹಡಗು ಒಂದು ದಳವನ್ನು ಹೊರುತ್ತದೆ ಎಂದು ಬಾಯಲ್ಲಿ ಹೇಳಿದರೆ ಸಾಲದು. ಆ ದಳದ ಇಪ್ಪತ್ತು ಸಿಪಾಯಿಗಳೂ ಎಲ್ಲರ ಕಣ್ಣೆದುರು ಬಾಗಿಲಿನಿಂದ ಒಳಗೆ ಹೋಗಿ ನಿಲ್ಲಬೇಕು, ಬಾಗಿಲು ಮುಚ್ಚಿಕೊಳ್ಳಬೇಕು. ಹಿಡಿಸದಿದ್ದರೆ ಹಡಗು ಮೇಜು ಹತ್ತುವುದಿಲ್ಲ. ಕಟ್ಟಿದವರ ನಾಯಕತ್ವವೂ ಅಲ್ಲಿಗೆ ಮುಗಿಯಿತು.

ನಮ್ಮ ನೆನಪಿರುವಷ್ಟು ಕಾಲದಿಂದ ಹಡಗು ಕಟ್ಟುತ್ತ ಬಂದವನು ಕ್ಲಿಫರ್ಡ್ ಪಾಸ್ಕ್. ಟಪಾಲು ಹಂಚುವ ಕೆಲಸದಿಂದ ನಿವೃತ್ತನಾದ ಮನುಷ್ಯ. ಒಳ್ಳೆಯ ಕೈ. ಅವನ ಹಡಗುಗಳಲ್ಲಿ ಒಂದು ಮೊಳೆಯೂ ಸೊಟ್ಟಗಿರುತ್ತಿರಲಿಲ್ಲ. ಅವನ ಯುದ್ಧ ಮಾತ್ರ ಯಾವಾಗಲೂ ಒಂದೇ: ಎಲ್ಲರೂ ಸೇತುವೆಗೆ ನುಗ್ಗುವುದು. ಡೈಕ್‌ಹ್ಯಾಮಿನವರಿಗೂ ಅದು ಗೊತ್ತಿತ್ತು. ನಾವು ಸೇತುವೆಯ ಮೇಲೆ ಸೋಲುತ್ತಿದ್ದೆವು, ಆಮೇಲೆ ಎಲ್ಲರೂ ಕೂತು ಮಾಂಸದ ಪೈ ತಿನ್ನುತ್ತಿದ್ದೆವು.

ಬೆವರ್ಲಿ ಸ್ಟೆನೆಟ್‌ಗೆ ಕ್ಲಿಫರ್ಡ್ ಪ್ರತಿಸಲ ಕೊಡುತ್ತಿದ್ದದ್ದು ಮೀಸಲು ಪಡೆ. ಮೇಜಿನ ಹಿಂದಿನ ಮೂಲೆಯಲ್ಲಿ ಒಂದು ಕುರ್ಚಿ, ಒಂದು ಡಬ್ಬಿ ಸಿಪಾಯಿಗಳು. ಅಗತ್ಯ ಬಿದ್ದರೆ ಕರೆಯುತ್ತೇನೆ ಎನ್ನುತ್ತಿದ್ದ. ಅಗತ್ಯ ಬೀಳುವಷ್ಟು ಹೊತ್ತಿಗೆ ಯುದ್ಧವೇ ಮುಗಿದಿರುತ್ತಿತ್ತು. ಡಬ್ಬಿಯ ಮುಚ್ಚಳ ತೆರೆಯುತ್ತಲೇ ಇರಲಿಲ್ಲ. ಬೆವರ್ಲಿ ಐವತ್ತು ದಾಟಿದ ಹೆಂಗಸು, ಅಣ್ಣ ರಾಯ್ಸ್‌ನ ಜೊತೆ ಸಕ್ಕರೆ ಬೀಟ್ ಬೆಳೆಯುತ್ತಾಳೆ, ಸುತ್ತಲಿನ ಹೊಲಗಳ ಬೀಟನ್ನೂ ತನ್ನ ದೊಡ್ಡ ಯಂತ್ರದಿಂದ ಕಿತ್ತುಕೊಡುತ್ತಾಳೆ. ಮಾತು ಕಡಿಮೆ. ಅಕ್ಟೋಬರಿನ ಕೂಟದಲ್ಲಿ ಅವಳು ಕೈ ಎತ್ತಿದಾಗ ಕಿಟಕಿ ತೆಗೆಯಲು ಹೇಳುತ್ತಾಳೆ ಎಂದುಕೊಂಡೆವು.

"ಈ ಸಲದ ಹಡಗು ನಾನು ಕಟ್ತೀನಿ," ಅಂದಳು.

ಕ್ಲಿಫರ್ಡ್ ಕನ್ನಡಕ ತೆಗೆದು ಒರೆಸಿಕೊಂಡ. "ನೀನಾ? ಬೀಟ್ ಕೀಳೋದು ಮುಗಿಯೋದೇ ಫೆಬ್ರವರಿಗೆ. ಊಟಕ್ಕೇ ಪುರಸೊತ್ತಿರಲ್ಲ ನಿಂಗೆ."

"ಮಳೆ ಬಂದ್ರೆ ಮೆಷಿನ್ ನಿಲ್ಲುತ್ತೆ. ನಾನ್ಯಾಕೆ ನಿಲ್ಲಲಿ?"

"ಸರಿ ತಾಯಿ, ಕಟ್ಟು. ಕಟ್ಟಿ ಎಲ್ಲಿಗೆ ಓಡಿಸ್ತೀಯ?"

"ಜೌಗಿನ ಮೇಲೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಮ್ಮ ಆಟದಲ್ಲಿ ಜೌಗಿಗೆ ಇಳಿಯಬೇಕಾದರೆ ವಾಹನದ ಎರಡೂ ಉರುಳುಪಟ್ಟಿಗಳು, ಅಂದರೆ ಚಕ್ರಗಳ ಸುತ್ತ ಉರುಳುವ ಬೆಲ್ಟುಗಳು, ಅಂಗೈ ಅಗಲ ಇರಬೇಕು. ಇಳಿದ ಮೇಲೆ ಒಂದು ಸರದಿ ನಿಂತರೂ ಹೂತುಹೋದಂತೆ. ಅಷ್ಟು ಅಗಲದ ಪಟ್ಟಿ ಹಾಕಿದರೆ ಹಡಗು ಆಮೆಯ ಹಾಗೆ ಕಾಣುತ್ತದೆಂದು ಯಾರೂ ಹಾಕಿದವರಿಲ್ಲ.

"ಬೆವ್, ಸೇತುವೆ ಅಂತ ಒಂದಿದೆ. ನೋಡಿದೀಯ ತಾನೆ? ನಾನೇ ಕಟ್ಟಿದ್ದು," ಎಂದ ಕ್ಲಿಫರ್ಡ್.

"ನೋಡದೆ ಏನು. ನಮ್ಮೋರು ಅದರ ಮೇಲೆ ಸಾಯೋದನ್ನ ಎಷ್ಟು ವರ್ಷದಿಂದ ನೋಡ್ತಾ ಇದೀನಿ. ಮೂಲೇಲಿ ಕೂತೋಳಿಗೆ ಇನ್ನೇನು ಕೆಲಸ?"

ಈಗ ಕ್ಲಿಫರ್ಡ್ ಒಬ್ಬನನ್ನು ಬಿಟ್ಟು ಎಲ್ಲರೂ ನಕ್ಕರು. ಆಮೇಲೆ ಅವನೂ ನಕ್ಕ. ಹಾಗೆ ಅದು ತೀರ್ಮಾನವಾಯಿತು.

ಆ ಚಳಿಗಾಲ ಮಳೆ ಚೆನ್ನಾಗಿಯೇ ಬಿತ್ತು. ಕರಿಮಣ್ಣಿನ ಹೊಲಗಳು ನೆನೆದು ಯಂತ್ರಗಳು ಗೇಟಿನ ಹತ್ತಿರವೇ ನಿಂತವು. ಹಾಗೆ ನಿಂತ ಮಧ್ಯಾಹ್ನಗಳಲ್ಲಿ ಬೆವರ್ಲಿ ಶೆಡ್ಡಿನ ಬೆಂಚಿನ ಮುಂದೆ ಕೂತಳು. ಪಕ್ಕದಲ್ಲಿ ರಾಯ್ಸ್ ಏನಾದರೊಂದು ರಿಪೇರಿ ಮಾಡುತ್ತ, ಅದಕ್ಕಿಂತ ಹೆಚ್ಚಾಗಿ ತಂಗಿಯನ್ನು ಕೆಣಕುತ್ತ ಇರುತ್ತಿದ್ದ. ನಾನು ಅವರ ಹೊಲದ ಆಚೆ ಬದಿಯವನು. ಮೊಟ್ಟೆ ಕೊಡುವ ನೆಪದಲ್ಲಿ ಹೋಗಿ ನೋಡುತ್ತಿದ್ದೆ.

ಮುಚ್ಚಿಹೋದ ಅಂಗಡಿಯೊಂದರ ಬೋರ್ಡಿನ ಬಿಳಿ ಪ್ಲಾಸ್ಟಿಕ್ ಹಾಳೆಯೇ ಹಡಗಿನ ಮೈ. ಅದನ್ನು ಕೊಯ್ಯುವುದಲ್ಲ, ಉಕ್ಕಿನ ಪಟ್ಟಿ ಇಟ್ಟು ಚಾಕುವಿನಿಂದ ಆಳವಾಗಿ ಗೀರಬೇಕು, ಬೆಂಚಿನ ಅಂಚಿಗೆ ಒತ್ತಿ ಮುರಿಯಬೇಕು. ಸರಿಯಾಗಿ ಗೀರಿದ್ದರೆ ಬಿಸ್ಕತ್ತಿನ ಹಾಗೆ ಟಪ್ಪೆನ್ನುತ್ತದೆ. ಒಳಗೆ ಅಡ್ಡಕ್ಕೆ ಪಕ್ಕೆಲುಬುಗಳು, ಇಲ್ಲದಿದ್ದರೆ ಗೋಡೆಗಳು ಹಪ್ಪಳದ ಹಾಗೆ ಸೊಟ್ಟಗಾಗುತ್ತವೆ. ಕುಂಚದಲ್ಲಿ ಅಂಟನ್ನು ತೊಟ್ಟಿಕ್ಕಿದರೆ ಪ್ಲಾಸ್ಟಿಕ್ಕೇ ಕರಗಿ ಒಂದಕ್ಕೊಂದು ಬೆಸೆಯುತ್ತದೆ. ಬೆವರ್ಲಿ ಯಾವುದನ್ನೂ ಆತುರದಲ್ಲಿ ಮಾಡಲಿಲ್ಲ. ಒಂದು ಮೂಲೆ ಅಂಟಿಸಿ, ಮೂಲೆಮಟ್ಟ ಇಟ್ಟು ನೋಡಿ, ಅದು ಕೂತಿತೆಂದು ಗೊತ್ತಾದ ಮೇಲೆ ಇನ್ನೊಂದು.

ಉಳಿದದ್ದನ್ನು ಹೊಲವೇ ಕೊಟ್ಟಿತು. ಆಲೂಗಡ್ಡೆ ಜರಡಿಯ ಹಳೆಯ ಬೆಲ್ಟು ಉರುಳುಪಟ್ಟಿಯಾಯಿತು, ಅಂಗೈ ಅಗಲ, ಒಂದೊಂದು ಬದಿಗೆ ಒಂದು. ಕುರಿಗಳಿಗೆ ಔಷಧಿ ಕುಡಿಸುವ ಪಿಚಕಾರಿಗಳ ಕೊಳವೆ ಬಾಗಿಲೆತ್ತುವ ದಂಡವಾಯಿತು. ಔಷಧಿ ಸಿಂಪಡಿಸುವ ಯಂತ್ರದ ನಳಿಕೆಗಳು ಬಂದೂಕಾದವು. ದನಗಳ ಕಿವಿಗೆ ಚುಚ್ಚುವ ಹಳದಿ ಗುರುತುಪಟ್ಟಿಗಳನ್ನು ಸಾಲಾಗಿ ಅಂಟಿಸಿದಾಗ ಹಡಗಿನ ಪಕ್ಕಕ್ಕೆ ಕವಚ ಬಂದಿತು.

"ಅದು ನಮ್ಮ ಡೈಸಿಯ ಕಿವೀದು," ಎಂದ ರಾಯ್ಸ್. "ಗುಂಡು ತಡೆಯುತ್ತಾ?"

"ಡೈಸಿ ನಿನ್ನನ್ನೇ ಗೇಟಿನಾಚೆ ಎಸೆದಿದ್ಲು. ಗುಂಡು ಯಾವ ಲೆಕ್ಕ."

"ಇಷ್ಟು ಕಷ್ಟ ಬಿದ್ದು ಇದನ್ನ ಕೆಸರಿಗೆ ಇಳಿಸ್ತೀಯಲ್ಲ, ಅದೇ ನಂಗೆ ಅರ್ಥ ಆಗದೆ ಇರೋದು."

"ನಾವು ದಿನಾ ಮಾಡೋದೇನು ಮತ್ತೆ? ಅಗಲ ಟೈರು ಹಾಕೋದು, ಮೆಲ್ಲಗೆ ಹೋಗೋದು, ನಡುವೆ ನಿಲ್ಲಿಸದೆ ಇರೋದು. ಅವರಿಗೆ ಜೌಗು ಅಂದ್ರೆ ಒಂದು ಬಣ್ಣ ಅಷ್ಟೆ ಕಣೋ. ಅವತ್ತೊಂದು ದಿನ, ಒಂದೇ ಒಂದು ದಿನ, ನಾನು ಹೇಳಿದ ದಾರೀಲಿ ಹೋಗಿ ನೋಡಲಿ."

ಇದನ್ನು ಹೇಳುವಾಗ ಅವಳು ತಲೆ ಎತ್ತಲಿಲ್ಲ. ರಾಯ್ಸ್ ಹೋಗಿ ಚಹಾ ತಂದ.

ಫೆಬ್ರವರಿ ಮುಗಿಯುವ ಹೊತ್ತಿಗೆ ಹಡಗು ಎದ್ದು ನಿಂತಿತ್ತು. ಮೊಳದುದ್ದ, ಬೂದುಹಸಿರು ಬಣ್ಣ, ಮೂತಿ ತಗ್ಗಿಸಿದ ಗೂಳಿಯ ಹಾಗೆ. ಹಿಂಬದಿಗೆ ಕೆಳಕ್ಕೆ ಬಿಚ್ಚಿಕೊಳ್ಳುವ ಬಾಗಿಲು. ಸಿಪಾಯಿಗಳು ಒಬ್ಬರ ಹಿಂದೊಬ್ಬರು ಹತ್ತಲು ಸರಿಯಾಗುವಷ್ಟೇ ಬಿಗಿಯಾದದ್ದು. ಕಾಳಗಕ್ಕೆ ಮುಂಚಿನ ಭಾನುವಾರ, ನಾನು ಅಲ್ಲಿದ್ದಾಗಲೇ, ಕ್ಲಿಫರ್ಡ್ ನೋಡಲು ಬಂದ. ಕಂಕುಳಲ್ಲಿ ದಳದ ಪೆಟ್ಟಿಗೆ ಇತ್ತು. ಹಡಗಿನ ಸುತ್ತ ಒಂದು ಸುತ್ತು ಬಂದು, ಬಾಗಿ, ಮೂಲೆಯೊಂದರ ಮೇಲೆ ಬೆರಳು ಸವರಿದ.

"ಸಂದಿನೇ ಸಿಗಲ್ವಲ್ಲೇ," ಎಂದ. ಅವನ ಬಾಯಿಂದ ಅದು ದೊಡ್ಡ ಮಾತು. "ಹತ್ತಿಸಿ ನೋಡೋಣ್ವಾ?"

ಮೊದಲ ಸಿಪಾಯಿಯನ್ನು ಅವನೇ ಎತ್ತಿ ಬಾಗಿಲಿಗೆ ಹಿಡಿದ. ಸಿಪಾಯಿ ಒಳಗೆ ಹೋಗಲಿಲ್ಲ. ಬೀಳದೆ ನಿಲ್ಲಲೆಂದು ಕಾಲಡಿಗೆ ಅಂಟಿಸಿದ ದುಂಡು ಬಿಲ್ಲೆ ಚೌಕಟ್ಟಿಗೆ ತಾಗಿ ನಿಂತಿತು.

"ಇವನೇನು, ಕ್ರಿಸ್‌ಮಸ್‌ಗೆ ಜಾಸ್ತಿ ತಿಂದನಾ?" ಎಂದ ರಾಯ್ಸ್.

ಯಾರೂ ನಗಲಿಲ್ಲ. ಬೆವರ್ಲಿ ಬೆಂಚಿನ ಕೆಳಗಿನಿಂದ ತನ್ನ ಡಬ್ಬಿ ತೆಗೆದು, ಅಳತೆಗೆಂದು ಚಳಿಗಾಲವಿಡೀ ಇಟ್ಟುಕೊಂಡಿದ್ದ ಸಿಪಾಯಿಯನ್ನು ಬಾಗಿಲಿಗೆ ಹಿಡಿದಳು. ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಯಿತು. ಮತ್ತೆ ಹೊರಗೆ ತೆಗೆದು ಎರಡನ್ನೂ ಪಕ್ಕಪಕ್ಕ ನಿಲ್ಲಿಸಿದಳು. ಸಿಪಾಯಿಗಳು ಒಂದೇ ಎತ್ತರ, ಒಂದೇ ಗಾತ್ರ. ಅವಳದರ ಕಾಲಡಿ ಹಳೆಯ ಕಿರುಬಿಲ್ಲೆ, ಕ್ಲಿಫರ್ಡನದರ ಕಾಲಡಿ ಅಗಲ ಬಿಲ್ಲೆ.

"ಅಯ್ಯೋ," ಎಂದ ಕ್ಲಿಫರ್ಡ್ ಮೆಲ್ಲಗೆ. "ನಾವೆಲ್ಲ ಬಿಲ್ಲೆ ಬದಲಾಯಿಸಿ ನಾಲ್ಕು ವರ್ಷ ಆಯ್ತು. ಸಿಪಾಯಿಗಳು ಪದೇ ಪದೇ ಬಿದ್ದುಹೋಗ್ತವೆ ಅಂತ. ನಿಂದು ಬದಲಾಯಿಸಿರಲಿಲ್ವಾ?"

"ನನ್ನ ಡಬ್ಬಿ ಯಾವಾಗ ತೆಗೆಸಿದೀರಿ ನೀವು?"

ಕ್ಲಿಫರ್ಡ್ ಕೆಂಪಗಾದ. ಬೆವರ್ಲಿ ಅದನ್ನು ಚುಚ್ಚಲು ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದ್ದಳು, ಅದಕ್ಕೇ ಇನ್ನೂ ಹೆಚ್ಚು ನಾಟಿತು. ಮೀಸಲು ಪಡೆಯ ಸಿಪಾಯಿಗಳು ಮೇಜಿಗೆ ಬಂದಿದ್ದರೆ ತಾನೆ ಯಾರಾದರೂ ಅವರ ಕಾಲಡಿ ನೋಡುವುದು?

ಕ್ಲಿಫರ್ಡ್ ಹೇಳಿದ: "ಒಂದು ಮಾಡು. ನಿನ್ನ ಹಳೇ ಸಿಪಾಯಿಗಳನ್ನೇ ಹತ್ತಿಸು. ನಾನು ಏನೂ ಅನ್ನಲ್ಲ. ಬೇರೆಯವರೂ ಅನ್ನಲ್ಲ."

"ಡೈಕ್‌ಹ್ಯಾಮಿನೋರು?"

"ಅವರು ಅಂತಾರೆ."

"ಅವರು ಅನ್ನದೇ ಇದ್ರೂ ನಂಗೆ ಬೇಡ. ಇಳಿದ ಮೇಲೆ ಆ ದಳ ನಿಮ್ಮೆಲ್ಲರ ಜೊತೆ ನಿಂತು ಕಾದಾಡಬೇಕು. ದಯೆ ತೋರಿಸಿ ಒಳಗೆ ಬಿಟ್ಟ ನಾಯಕಿ ಮಾತು ಯಾರು ಕೇಳ್ತಾರೆ?"

"ಹಾಗಾದ್ರೆ ನನ್ನ ಹೋದ ವರ್ಷದ ಹಡಗು ಇದೆ. ಹೊಸದು ಮೇಜು ಹತ್ತದಿದ್ರೆ ಹಳೇದು ನಡೆಯುತ್ತೆ. ಅದಕ್ಕೆ ಜೌಗಿನ ಪಟ್ಟಿ ಇಲ್ಲ, ಸೇತುವೆ ಮೇಲೆ ಹೋಗುತ್ತೆ." ಅವನ ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ. "ಯೋಚನೆ ಮಾಡು." ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಹೋದ.

ಅವನು ಹೋದ ಮೇಲೆ ಬೆವರ್ಲಿ ಪೆಟ್ಟಿಗೆಯ ಸಿಪಾಯಿಗಳನ್ನು ಬೆಂಚಿನ ಮೇಲೆ ಸಾಲು ನಿಲ್ಲಿಸಿದಳು. ಹಳೆಯ ಲೆಕ್ಕದಲ್ಲಿ ನಾಲ್ಕು ಜನರ ಐದು ಸಾಲು. ಹಾಗೆ ನಿಲ್ಲಿಸಿದರೆ ಅಗಲಕ್ಕೂ ಸಾಲದು, ಉದ್ದಕ್ಕೂ ಸಾಲದು. ಕೆಡವಿ, ಐದು ಜನರ ನಾಲ್ಕು ಸಾಲು ಮಾಡಿದಳು. ಉದ್ದ ಸರಿಹೋಯಿತು. ಅಗಲಕ್ಕೆ ಮಾತ್ರ ನಾಲ್ಕು ಬೆರಳು ಬೇಕು. ಹಡಗಿನ ನೆತ್ತಿಯ ಮೇಲೆ, ಮೂತಿಯಿಂದ ಬಾಗಿಲಿನವರೆಗೆ, ಪೆನ್ಸಿಲಿನಿಂದ ಒಂದು ಗೆರೆ ಎಳೆದಳು.

ರಾಯ್ಸ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ಬೇಡ ಬೆವ್."

"ನೀನು ಟ್ರೇಲರ್ ಅಗಲ ಮಾಡಿದ್ದು ಹೇಗೆ?"

"ಅದು ಕಬ್ಬಿಣ ಕಣೇ! ಕೊಯ್ದೆ, ಬೆಸೆದೆ, ಆಯ್ತು. ಇದು ನಿನ್ನ ಇಡೀ ಚಳಿಗಾಲ. ಕೊಯ್ಯುವಾಗ ಒಂದು ಕಡೆ ಸೀಳಿದ್ರೆ ಎರಡು ತಟ್ಟೆ ಕಸ ಉಳಿಯುತ್ತೆ."

"ಈಗ ಇದೂ ಕಸಾನೇ. ಒಳ್ಳೆ ಬಣ್ಣ ಬಳಿದ ಕಸ."

ಮರುದಿನವೂ ಮಳೆ. ಮಧ್ಯಾಹ್ನ ನಾನು ಹೋದಾಗ ರಾಯ್ಸ್ ಹಡಗನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದಿದ್ದ. ಬೆವರ್ಲಿ ಸಣ್ಣ ಹಲ್ಲಿನ ಗರಗಸ ಆಡಿಸುತ್ತಿದ್ದಳು. ಒತ್ತುತ್ತಿರಲಿಲ್ಲ. ಗರಗಸದ ಭಾರಕ್ಕೆ ಎಷ್ಟು ಇಳಿಯುತ್ತದೋ ಅಷ್ಟೇ. ಪುಡಿ ಉದುರಿ ರಾಯ್ಸ್‌ನ ತೋಳೆಲ್ಲ ಬೂದುಹಸಿರಾಗಿತ್ತು. ಪಕ್ಕೆಲುಬು ಸಿಕ್ಕಿದಾಗಲೆಲ್ಲ ಸದ್ದು ಬದಲಾಗುತ್ತಿತ್ತು, ಅವಳು ನಿಲ್ಲಿಸಿ, ಗರಗಸ ಒರೆಸಿ, ಮತ್ತೆ ಶುರುಮಾಡುತ್ತಿದ್ದಳು. ಕೊನೆಗೆ ಬಾಗಿಲಿನ ನಡುವೆ ಹಾದು ಹಡಗು ಎರಡು ಹೋಳಾಯಿತು. ರಾಯ್ಸ್ ಒಂದೊಂದು ಕೈಯಲ್ಲಿ ಒಂದೊಂದು ಹೋಳು ಹಿಡಿದು, ಏನು ಮಾಡಬೇಕೆಂದು ತೋರದೆ ನಿಂತಿದ್ದ.

"ಉಸಿರು ಬಿಡು," ಎಂದಳು ಬೆವರ್ಲಿ.

ಜೋಡಿಸುವುದು ಕೊಯ್ದಷ್ಟು ಸುಲಭವಾಗಲಿಲ್ಲ. ನಡುವೆ ನಾಲ್ಕು ಬೆರಳಗಲದ ಹೊಸ ಪಟ್ಟಿ, ಅಡ್ಡಕ್ಕೆ ಹೊಸ ಪಕ್ಕೆಲುಬು ಇಟ್ಟು ಅಂಟಿಸಿದಳು. ಒಣಗಿದ ಮೇಲೆ ನೋಡಿದರೆ ಎಡ ಹೋಳು ಬಲಕ್ಕಿಂತ ಒಂದು ಕೂದಲು ಎತ್ತರದಲ್ಲಿ ಕೂತಿತ್ತು; ನೆಲದ ಮೇಲಿಟ್ಟರೆ ಹಡಗು ಕುಂಟ ಕುರ್ಚಿಯ ಹಾಗೆ ತೊನೆಯುತ್ತಿತ್ತು. ಪಟ್ಟಿಗಳು ನೆಲಕ್ಕೆ ತಾಗದಿದ್ದರೆ ಜೌಗಿನ ಮಾತೇ ಇಲ್ಲ. ಬೆವರ್ಲಿ ಅಂಟನ್ನೆಲ್ಲ ಮತ್ತೆ ಕೊಯ್ದಳು. ಈ ಸಲ ಹಳೆಯ ಕಿಟಕಿಯ ಗಾಜನ್ನು ಬೆಂಚಿನ ಮೇಲೆ ಹಾಸಿ, ಎರಡೂ ಹೋಳುಗಳನ್ನು ಗಾಜಿಗೆ ಒತ್ತಿ ಕಲ್ಲು ಹೇರಿ, ಆಮೇಲೆ ಪಟ್ಟಿ ಕೂಡಿಸಿದಳು. ಮುಂದಿನ ಬೆಳಗಿನವರೆಗೆ ಯಾರೂ ಮುಟ್ಟಕೂಡದೆಂದು ರಾಯ್ಸ್‌ಗೆ ತಾಕೀತು ಮಾಡಿ ಹೊಲಕ್ಕೆ ಹೋದಳು.

ಈ ಸಲ ತೊನೆಯಲಿಲ್ಲ. ಗೂಳಿಯಂತಿದ್ದದ್ದು ಈಗ ನಿಜಕ್ಕೂ ಆಮೆಯಾಗಿತ್ತು. ಅಷ್ಟೇ ಅಲ್ಲ, ರಾಯ್ಸ್ ಕೋಲಿನಿಂದ ಅಳೆದು ತಲೆ ಕೆರೆದುಕೊಂಡ.

"ಬೆವ್, ಇದು ಕ್ಲಿಫರ್ಡನ ಸೇತುವೆ ಮೇಲೆ ಹಿಡಿಸಲ್ಲ. ಜೌಗಿನಲ್ಲಿ ಏನಾದ್ರೂ ಕೆಟ್ರೆ ವಾಪಸ್ ಬಂದು ಸೇತುವೆ ಹಿಡಿಯೋಣ ಅಂದ್ರೂ ಆಗಲ್ಲ."

"ಆ ಯೋಚನೇನೂ ಒಂದು ಕಡಿಮೆ ಆಯ್ತಲ್ಲ," ಎಂದು ಅವಳು ಬಣ್ಣದ ಡಬ್ಬಿ ತೆರೆದಳು.

ಶನಿವಾರ ಹಾಲ್ ತುಂಬಿತ್ತು. ಡೈಕ್‌ಹ್ಯಾಮಿನವರು ತಮ್ಮ ಚಿಪ್ಪಿನ ಜೀವಿಗಳನ್ನು ಆಗಲೇ ಸೇತುವೆಯಾಚೆ ದಟ್ಟವಾಗಿ ನಿಲ್ಲಿಸಿದ್ದರು. ಅವರ ನಾಯಕ ಟೆರೆನ್ಸ್, ಹಂದಿ ಸಾಕುವವನು, ದೊಡ್ಡ ಗಂಟಲಿನ ಮನುಷ್ಯ. ಬೆವರ್ಲಿ ಹಡಗನ್ನು ಹೊತ್ತು ಬಂದಾಗ ಅವನು ಕುರ್ಚಿಯಲ್ಲೇ ವಾಲಿಕೊಂಡು ಕೂಗಿದ: "ಏನಮ್ಮ ಇದು, ಯಾರಾದ್ರೂ ಮೇಲೆ ಕೂತುಬಿಟ್ರಾ?"

"ನೀವು ಕೂರದೆ ಇದ್ರೆ ಸಾಕು," ಎಂದಳು ಬೆವರ್ಲಿ.

ಕ್ಲಿಫರ್ಡ್ ಹಡಗನ್ನು ನೋಡಿದ. ನಡುವಿನ ಪಟ್ಟಿಯ ಎರಡೂ ಬದಿಗೆ ಸಂದು ಕಾಣುತ್ತಿತ್ತು. ಮುಚ್ಚಲು ಸಮಯವಿರಲಿಲ್ಲ, ಅವಳು ಮುಚ್ಚಿಯೂ ಇರಲಿಲ್ಲ. ಅವನು ಆ ಸಂದಿನ ಮೇಲೆ ಒಮ್ಮೆ ಬೆರಳಾಡಿಸಿದ. ಬಾಗಿಲು ಬಿಚ್ಚಿ, ಒಬ್ಬೊಬ್ಬ ಸಿಪಾಯಿಯನ್ನು ಎತ್ತಿ, ಬಿಲ್ಲೆಯನ್ನು ಎಲ್ಲರಿಗೂ ಕಾಣುವಂತೆ ಹಿಡಿದು ಒಳಗೆ ಸರಿಸತೊಡಗಿದ. ಎರಡೂ ಊರಿನವರು ಸುತ್ತ ಸೇರಿದರು. ಮೊದಲ ಸಾಲು ತುಂಬಿತು. ಎರಡನೆಯದು. ಮೂರನೆಯದರಲ್ಲಿ ಬಾವುಟ ಹಿಡಿದವನೊಬ್ಬ ತಿರುಗಿ ನಿಲ್ಲಬೇಕಾಯಿತು. ಕೊನೆಯವನು ಹೊಸ್ತಿಲಿಗೆ ಅಂಟಿಕೊಂಡಂತೆ ನಿಂತ. ಕ್ಲಿಫರ್ಡ್ ಬಾಗಿಲು ಎತ್ತಿದ. ಬಾಗಿಲು ಪೂರ್ತಿ ಕೂರಲಿಲ್ಲ. ಮೇಲ್ತುದಿಯಲ್ಲಿ ಉಗುರು ಹೋಗುವಷ್ಟು ಸಂದು ಉಳಿಯಿತು.

"ಹಿಡಿಸಲಿಲ್ಲ," ಎಂದ ಟೆರೆನ್ಸ್.

"ಹಿಡಿಸಿದೆ," ಎಂದಳು ಬೆವರ್ಲಿ. "ಬಣ್ಣ ದಪ್ಪ ಆಗಿದೆ. ತಡೀರಿ."

ಅಂಗಿಯ ಜೇಬಿನಿಂದ ಸಣ್ಣ ಅರ ತೆಗೆದು, ಮಂಡಿಯೂರಿ, ಬಾಗಿಲಿನ ಅಂಚನ್ನು ಉಜ್ಜತೊಡಗಿದಳು. ಹಾಲ್‌ನಲ್ಲಿ ಆ ಸದ್ದೊಂದೇ. ಚಹಾದ ಬಟ್ಟಲು ಹಿಡಿದವರು ಕುಡಿಯುವುದನ್ನು ಬಿಟ್ಟಿದ್ದರು. ಅವಳು ಉಜ್ಜಿದಳು, ಊದಿದಳು, ಎತ್ತಿ ನೋಡಿದಳು, ಇನ್ನೂ ಸ್ವಲ್ಪ ಉಜ್ಜಿದಳು. ಟೆರೆನ್ಸ್ ಗಡಿಯಾರ ನೋಡಿಕೊಂಡ. ರಾಯ್ಸ್ ತನ್ನನ್ನೇ ನೋಡುತ್ತಿರುವುದು ಕಂಡು ಕೈ ಕೆಳಗಿಳಿಸಿದ. ಹೊಸ ಬಣ್ಣ ಹೋಗಿ ಅಂಚಿನಲ್ಲಿ ಬಿಳಿ ಪ್ಲಾಸ್ಟಿಕ್ಕು ಕಂಡಿತು. ಬೆವರ್ಲಿ ಬಾಗಿಲನ್ನು ಎತ್ತಿ ಹೆಬ್ಬೆರಳಿನಿಂದ ಒತ್ತಿದಳು. ಟಕ್ಕೆಂದು ಕೂತಿತು.

ಕ್ಲಿಫರ್ಡ್ ಹಡಗನ್ನು ಎತ್ತಿ ಎಲ್ಲರೆದುರು ಒಮ್ಮೆ ಅಲುಗಿಸಿದ. ಒಳಗಿನ ದಳ ಗಲಗಲ ಎಂದಿತು. ಬಾಗಿಲು ಬಿಚ್ಚಲಿಲ್ಲ.

"ಹಿಡಿಸಿದೆ," ಎಂದ. ಹಡಗನ್ನು ಮೇಜಿನ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಬೆವರ್ಲಿಯ ಕಡೆ ತಿರುಗಿದ. "ಹೇಳಮ್ಮ. ನಾವೆಲ್ಲಿ ನಿಲ್ಲಬೇಕು?"

ಎಷ್ಟು ವರ್ಷ ಯೋಚಿಸಿಟ್ಟಿದ್ದಳೋ, ಅವಳು ಒಮ್ಮೆಯೂ ತಡವರಿಸಲಿಲ್ಲ. ನನ್ನನ್ನು ಗುಡ್ಡದ ಮೇಲಿಟ್ಟಳು. ರಾಯ್ಸ್‌ನನ್ನು ಹಡಗಿನ ಹಿಂದೆ. ಯಾರನ್ನೂ ಮೀಸಲಿಗೆ ಇಡಲಿಲ್ಲ.

"ನೀವು ಸೇತುವೆಗೆ ಹೋಗಿ, ಕ್ಲಿಫರ್ಡ್."

"ದಾಟಬೇಕಾ?"

"ದಾಟಬೇಡಿ. ದಾಟೋರ ಹಾಗೆ ಗದ್ದಲ ಮಾಡಿ. ಪ್ರತಿವರ್ಷ ಮಾಡೋದೇ ತಾನೆ."

ಕ್ಲಿಫರ್ಡ್ ಬಾಯಿ ತೆರೆದು, ಮುಚ್ಚಿ, ತಾನೇ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕು, ತನ್ನ ಜನರನ್ನು ಕರೆದುಕೊಂಡು ಸೇತುವೆಯ ತುದಿಗೆ ಹೋದ. ಅಲ್ಲಿ ಅವನು ಮಾಡಿದ ಗದ್ದಲಕ್ಕೆ ಡೈಕ್‌ಹ್ಯಾಮಿನವರು ಉಳಿದ ಚಿಪ್ಪಿನ ಜೀವಿಗಳನ್ನೂ ಅತ್ತಲೇ ಸರಿಸಿದರು.

ಬೆವರ್ಲಿ ಎಡಗಡೆಗೆ ಬಂದು, ಅಂಗೈಯನ್ನು ಹಡಗಿನ ಬೆನ್ನಿಗಿಟ್ಟು, ಜೌಗಿನ ಅಂಚಿಗೆ ತಂದಳು. ಟೆರೆನ್ಸ್ ಮೊದಲು ಗಮನಿಸಲಿಲ್ಲ. ಮೂತಿ ಹಸಿರುಗಪ್ಪಿಗೆ ಇಳಿದಾಗ ಅವನು ಕುರ್ಚಿಯಿಂದ ನೆಟ್ಟಗಾದ. "ಅಲ್ಲಿ ಹೋಗೋ ಹಾಗಿಲ್ಲ!"

"ಪಟ್ಟಿ ಅಳೆದು ನೋಡಿ," ಎಂದಳು ಬೆವರ್ಲಿ.

ಅವನು ಬಂದು ಅಳೆದ. ಅಂಗೈ ಇಟ್ಟು ನೋಡಿದ, ಕೋಲು ಇಟ್ಟು ನೋಡಿದ, ಇನ್ನೊಂದು ಬದಿಯನ್ನೂ ನೋಡಿದ. ವಾಪಸ್ಸು ಹೋಗಿ ತನ್ನ ಜೀವಿಗಳನ್ನು ಸೇತುವೆಯಿಂದ ಬಿಡಿಸಿ ಎಳೆಯತೊಡಗಿದ. ದಟ್ಟವಾಗಿ ನಿಲ್ಲಿಸಿದ್ದರಿಂದ ಅವು ಒಂದಕ್ಕೊಂದು ಅಡ್ಡ ಬರುತ್ತಿದ್ದವು.

"ಬರ್ತಾರೆ ಬೆವ್," ಎಂದ ರಾಯ್ಸ್ ಪಿಸುದನಿಯಲ್ಲಿ. "ಸ್ವಲ್ಪ ನಿಂತು ನೋಡೋಣ್ವಾ?"

"ನಿಂತ್ರೆ ಹೂತುಹೋಗ್ತೀವಿ," ಎಂದು ಬೆವರ್ಲಿ ಹಡಗನ್ನು ಮುಂದಕ್ಕೆ ಸರಿಸಿದಳು.